ಸತುವಿನ ಫ್ಲಾಸ್ಕ್

ಇದು 2023ರ ಬೇಸಿಗೆಯ ಸಂಗತಿ. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಪ್ರಯೋಗದ ಲಾಗ್‌ಬುಕ್‌ನಲ್ಲಿರುವ ಅಂಕಿಗಳನ್ನು ನಂಬುತ್ತೇನೆ. ಉಳಿದದ್ದನ್ನು ನನಗೆ ಅನುಕೂಲವಾಗುವಂತೆ ತಿದ್ದಿಕೊಂಡಿದ್ದರೂ ತಿದ್ದಿಕೊಂಡಿರಬಹುದು.

ಆಗ ನಾನು ಗಂಗಾವತಿಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನನ್ನ ಪಿಎಚ್.ಡಿ. ನೋಂದಣಿಗೆ ಅದು ಕೊನೆಯ ವರ್ಷ. ಒಂದಾದರೂ ಲೇಖನ ಪ್ರಕಟವಾಗದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ. ಸಲ್ಲಿಸದಿದ್ದರೆ ಆರು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಬಿಸಿಲು ಬಿದ್ದಾಗ ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯಲು ನೆರವಾಗುವ ಪುಡಿಗೆ ಫೋಟೊಕ್ಯಾಟಲಿಸ್ಟ್ ಎನ್ನುತ್ತಾರೆ. ನಾನು ಹೋಲಿಸುತ್ತಿದ್ದದ್ದು ನಾಲ್ಕು ಲೋಹಗಳ ಆಕ್ಸೈಡುಗಳನ್ನು: ಟೈಟಾನಿಯಂ, ಸತು, ಟಂಗ್‌ಸ್ಟನ್, ಕಬ್ಬಿಣ. ಕಬ್ಬಿಣ, ಟಂಗ್‌ಸ್ಟನ್ ಬಿಸಿಲನ್ನು ಚೆನ್ನಾಗಿ ಹೀರುತ್ತವೆ, ಆದರೆ ಹೊರಗಿನ ನೆರವಿಲ್ಲದೆ ಹೈಡ್ರೋಜನ್ ಬಿಡಿಸುವ ಶಕ್ತಿ ಅವಕ್ಕಿಲ್ಲ. ಟೈಟಾನಿಯಂ, ಸತುವಿಗೆ ಆ ಶಕ್ತಿಯಿದೆ, ಆದರೆ ಅವು ಬಿಸಿಲಿನ ಅತಿನೇರಳೆ ಪಾಲನ್ನಷ್ಟೇ ಬಳಸಿಕೊಳ್ಳುತ್ತವೆ. ಇವುಗಳಲ್ಲಿ ನಮ್ಮ ಬಿಸಿಲಿಗೆ ಯಾವುದು ಮೇಲು ಎಂಬುದೇ ಪ್ರಶ್ನೆ.

ಕಾಲೇಜಿನ ಮಾಳಿಗೆಗೆ ರಜೆಯ ದಿನ ಬೀಗ. ಹಾಗಾಗಿ ಭಾನುವಾರಗಳಂದು ಬಾಡಿಗೆ ಮನೆಯ ಮಾಳಿಗೆಯ ಮೇಲೆ ಕೂರುತ್ತಿದ್ದೆ. ಪ್ರತಿ ಪುಡಿಗೂ ಬೇರೆಯದೇ ಫ್ಲಾಸ್ಕ್. ಒಂದರದ್ದು ಇನ್ನೊಂದಕ್ಕೆ ಬೆರೆಯಬಾರದೆಂದು ಚೀಟಿ ಅಂಟಿಸಿದ್ದೆ. ಐವತ್ತು ಮಿಲಿಗ್ರಾಂ ಪುಡಿ, ನೂರು ಮಿಲಿಲೀಟರ್ ಭಟ್ಟಿ ಇಳಿಸಿದ ನೀರು, ಮೇಲೆ ಗಾಳಿಯ ಬದಲು ನೈಟ್ರೋಜನ್, ಬಾಯಿಗೆ ರಬ್ಬರ್ ಬಿರಡೆ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಬಿಸಿಲು. ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ಗಾಜಿನ ಮೇಲೆ ಕೂರುತ್ತಿತ್ತು. ಅರ್ಧ ಗಂಟೆಗೊಮ್ಮೆ ಒರೆಸುವುದು, ಫ್ಲಾಸ್ಕ್ ಅಲುಗಿಸುವುದು, ಬರೆಯುವುದು. ಮಾತಾಡಲು ಯಾರೂ ಇರಲಿಲ್ಲ.

ಮಾರ್ಚಿನಲ್ಲಿ ಕುಷ್ಟಗಿಯಿಂದ ಅಕ್ಕ ಬಂದಳು. ಅಂಗನವಾಡಿ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದಳು. ತಂಗಿ ಒಬ್ಬಳೇ ಒಣಗುತ್ತಾಳೆಂದು ಎರಡು ತಿಂಗಳಿಗೆ ಬಟ್ಟೆ ಕಟ್ಟಿಕೊಂಡೇ ಬಂದಿದ್ದಳು. ಕೊಡೆ ಹಿಡಿದು ಮಾಳಿಗೆಗೆ ಬಂದು, ಬಿಳಿ, ಹಳದಿ, ಕೆಂಪು ಫ್ಲಾಸ್ಕುಗಳನ್ನು ನೋಡಿ, “ವಿಭೂತಿ, ಅರಿಷಿಣ, ಕುಂಕುಮ ಎಲ್ಲಾ ಅದಾವು. ಗಂಟಿ ಒಂದ ಕಮ್ಮಿ ಐತಿ ನೋಡವಾ” ಅಂದಳು. ಅಂದು ನಾನು ನಕ್ಕೆ. ಆಮೇಲೆ ಭಾನುವಾರಗಳು ಉದ್ದವೆನಿಸಲಿಲ್ಲ.

ಅನಿಲದ ಮಾದರಿಗಳನ್ನು ಸೋಮವಾರ ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಒಯ್ದು ಗ್ಯಾಸ್ ಕ್ರೊಮಾಟೋಗ್ರಾಫ್‌ನಲ್ಲಿ ಪರೀಕ್ಷಿಸಬೇಕಿತ್ತು. ಅನಿಲದಲ್ಲಿ ಏನೇನು ಎಷ್ಟಿದೆ ಎಂದು ಹೇಳುವ ಯಂತ್ರ ಅದು. ಅಕ್ಕ ಬಂದ ಎರಡನೇ ವಾರ ಸತುವಿನ ಫ್ಲಾಸ್ಕಿನಲ್ಲಿ ಟೈಟಾನಿಯಂಗಿಂತ ಮೂರು ಪಟ್ಟು ಹೈಡ್ರೋಜನ್ ಬಂತು. ಮುಂದಿನ ವಾರವೂ ಅಷ್ಟೇ. ಅದರ ಮುಂದಿನ ವಾರವೂ ಅಷ್ಟೇ. ಮೂರು ಸಲ ಒಂದೇ ಫಲಿತಾಂಶ ಬಂದರೆ ನಂಬಬೇಕೆಂದು ನಾನೇ ಪಾಠ ಮಾಡುತ್ತೇನೆ. ನಂಬಿದೆ. ಲೇಖನ ಬರೆದು ಕಳಿಸಿದೆ.

ಒಂದು ವಿಷಯವನ್ನು ಮಾತ್ರ ನೋಡಿಯೂ ನೋಡದಂತೆ ದಾಟಿಸಿದ್ದೆ. ನೀರು ನಿಜವಾಗಿ ಒಡೆದಿದ್ದರೆ ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಕ್ಸಿಜನ್ ಇರಬೇಕು. ಸತುವಿನ ಫ್ಲಾಸ್ಕಿನಲ್ಲಿ ಆಕ್ಸಿಜನ್ ಇಲ್ಲವೆನ್ನುವಷ್ಟು ಕಡಿಮೆ. ಬದಲಿಗೆ ಇಂಗಾಲದ ಡೈಆಕ್ಸೈಡ್ ಕಂಡಿತ್ತು. ಆಕ್ಸಿಜನ್ ನೀರಿನಲ್ಲಿ ಕರಗಿರಬಹುದು, ಡೈಆಕ್ಸೈಡ್ ಹೊರಗಿನ ಗಾಳಿಯದಿರಬಹುದು ಎಂದು ಬರೆದುಕೊಂಡೆ. ಆ ‘ಬಹುದು’ಗಳು ಲಾಗ್‌ಬುಕ್‌ನಲ್ಲಿ ಈಗಲೂ ಇವೆ.

ಏಪ್ರಿಲ್ ಮೂರನೇ ವಾರ ಒಂದು ದಿನ ಕಾಲೇಜಿನಿಂದ ಬೇಗ ಬಂದೆ. ಬಚ್ಚಲ ಕಟ್ಟೆಯ ಮೇಲೆ ಅಕ್ಕ ಸತುವಿನ ಫ್ಲಾಸ್ಕನ್ನು ತಿಕ್ಕುತ್ತಿದ್ದಳು. ಪಕ್ಕದ ಬಟ್ಟಲಿನ ಹುಣಸೆ ನೀರಿನಲ್ಲಿ ಅದರ ಬಿರಡೆ ನೆನೆಯುತ್ತಿತ್ತು.

“ಇದೊಂದ ಭಾಳ ಸವಳ ಕಟ್ತೈತಿ. ನೀ ತೊಳದ್ರ ಹೋಗಂಗಿಲ್ಲ. ವಾರಾವಾರ ನಾನ ಹುಣಸಿಹಣ್ಣ ಹಚ್ಚಿ ತಿಕ್ಕತೀನಿ. ಈಗ ನೋಡ, ಹೆಂಗ ಹೊಳಿತೈತಿ.”

ನಮ್ಮ ಕಡೆ ಬೋರಿನ ನೀರಿನ ಬಿಳಿ ಕಲೆಗೆ ಹುಣಸೆಯೇ ಮದ್ದು. ಆದರೆ ಇದು ಸವಳಲ್ಲ, ಗಾಜಿಗೆ ಅಂಟಿದ ಸತುವಿನ ಆಕ್ಸೈಡ್. ಅದು ಹುಳಿಯಲ್ಲಿ ಕರಗುತ್ತದೆ, ಹಾಗಾಗಿ ಫ್ಲಾಸ್ಕ್ ಥಳಥಳಿಸುತ್ತಿತ್ತು. ಬಿರಡೆ ಹೀರಿಕೊಂಡ ಹುಳಿ ಬಿಸಿಲಿನಲ್ಲಿ ನೀರಿಗೆ ಇಳಿಯುತ್ತಿತ್ತು. ನೀರಿಗಿಂತ ಸುಲಭವಾಗಿ ಒಡೆಯುವ ಹುಳಿ ಸಿಕ್ಕರೆ ಸತು ನೀರಿನ ಆಕ್ಸಿಜನ್ ಅನ್ನು ಏಕೆ ಬಿಡಿಸೀತು? ಹುಳಿಯೇ ಒಡೆದು ಇಂಗಾಲದ ಡೈಆಕ್ಸೈಡ್ ಆಗಿತ್ತು, ಅದರ ನೆರವಿನಿಂದಲೇ ಹೈಡ್ರೋಜನ್ ಹೆಚ್ಚಿತ್ತು. ಮೂರೂ ವಾರ ಫಲಿತಾಂಶ ಒಂದೇ ಆಗಿದ್ದಕ್ಕೆ ಕಾರಣ, ಮೂರೂ ವಾರ ಅಕ್ಕ ಅಷ್ಟೇ ಅಕ್ಕರೆಯಿಂದ ತೊಳೆದದ್ದು.

ನಾನು ಕೂಗಾಡಿದೆ. ಅಕ್ಕ ಕೈ ಒರೆಸಿಕೊಂಡು ಒಳಗೆ ಹೋದಳು. ಮರುದಿನ ಮೊದಲ ಬಸ್ಸಿಗೆ ಕುಷ್ಟಗಿಗೆ ಹೊರಟಳು. ಮೊಮ್ಮಗುವಿಗೆ ಮೈಯಲ್ಲಿ ಹುಷಾರಿಲ್ಲ ಅಂದಳು.

ಹೊಸ ಫ್ಲಾಸ್ಕ್, ಹೊಸ ಬಿರಡೆ ತಂದು ಮತ್ತೆ ಮೂರು ಭಾನುವಾರ ಒಬ್ಬಳೇ ಕೂತೆ. ಸತು ಟೈಟಾನಿಯಂಗಿಂತ ಕೆಳಗೆ ಬಂತು. ಲೇಖನ ಹಿಂಪಡೆದೆ. ನನ್ನ ಪಿಎಚ್.ಡಿ. ಮಾರ್ಗದರ್ಶಕರು ಹಿಂಪಡೆಯುವ ಪತ್ರ ಓದಿ, “ಛಲೋ ಮಾಡಿದ್ರಿ. ಆದ್ರ ಇನ್ನ ಟೈಮ್ ಇಲ್ಲರಿ” ಎಂದರು. ನೋಂದಣಿ ರದ್ದಾಯಿತು.

ಈಗ ನನ್ನ ವಿದ್ಯಾರ್ಥಿಗಳ ಲಾಗ್‌ಬುಕ್‌ನಲ್ಲಿ ‘ತೊಳೆದವರು’ ಎಂಬ ಒಂದು ಕಾಲಂ ಇದೆ. ಫಲಿತಾಂಶ ಮರುಕಳಿಸಿದರೆ ಸಾಲದು, ಮರುಕಳಿಸುತ್ತಿರುವುದು ಏನು ಎಂದು ಕೇಳಬೇಕು. ಮನಸ್ಸಿಗೆ ಹಿತವಾದ ಅಂಕಿಯನ್ನು ಇನ್ನಷ್ಟು ಕಟುವಾಗಿ ಪ್ರಶ್ನಿಸಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

ನನ್ನ ಲಾಗ್‌ಬುಕ್‌ನಲ್ಲಿ, ಅಕ್ಕನ ಮೇಲೆ ಕೂಗಾಡಿದ ದಿನದ ಪುಟದಲ್ಲಿ, ಉಷ್ಣಾಂಶ ಮೂವತ್ತೊಂಬತ್ತು ಎಂದಿದೆ, ಫ್ಲಾಸ್ಕ್ ಕಲುಷಿತ ಎಂದಿದೆ. ನಾನು ಆಡಿದ ಮಾತು ಇಲ್ಲ. ‘ಯಾರು ಮುಟ್ಟು ಅಂದ್ರು’ ಅಂದೆನೆಂದು ಒಮ್ಮೆ ಅನಿಸುತ್ತದೆ. ಅದಕ್ಕಿಂತ ಕೆಟ್ಟದ್ದೇನೋ ಅಂದೆನೆಂದು ಇನ್ನೊಮ್ಮೆ. ಅಕ್ಕ ಫೋನಿನಲ್ಲಿ ಮಂಡಿನೋವು, ಮೊಮ್ಮಗಳ ಸಾಲಿ ಎಲ್ಲ ಹೇಳುತ್ತಾಳೆ, ಗಂಗಾವತಿಗೆ ಬರುವುದಿಲ್ಲ. ಕಳೆದ ತಿಂಗಳು ಕೊನೆಗೂ ಕೇಳಿದೆ:

“ಅಕ್ಕಾ, ಅವತ್ತ ನಾ ನಿನಗ ಏನಂದ್ನಿ?”

ಅಕ್ಕ, ಕುಕ್ಕರ್ ಕೂಗಾಕತ್ತೈತಿ ಎಂದು ಫೋನ್ ಇಟ್ಟಳು.