ಪರದೆ ಸರಿಸುವ ಅಣ್ಣ

ನಮ್ಮಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಆದರೆ ಅವನ ನಿಜವಾದ ಉದ್ಯೋಗ ನಾಲ್ಕು ಬೀದಿ ಆಚೆಯ ತನ್ನ ಮನೆಯ ಕಿಟಕಿ ಪರದೆ ಸರಿಸುವುದು. ಬೆನ್ನಿಗೆ ಪೆಟ್ಟಾಗಿ ಅತ್ತಿಗೆ ಹಾಸಿಗೆ ಹಿಡಿದಾಗ ಆ ಪರದೆಗೊಂದು ಪುಟ್ಟ ಮೋಟಾರು ಕೂರಿಸಿ, ಅದನ್ನು ಕೂತಲ್ಲಿಂದಲೇ ನಡೆಸಲು ಒಂದು ವೆಬ್ ಪುಟ ಮಾಡಿಸಿಕೊಂಡ. ಅಂದಿನಿಂದ ಸೂರ್ಯನೇ ಅವನ ಕೈಕೆಳಗಿನ ನೌಕರ. ಆಚೆ ಮೋಡ ಸರಿದರೆ ಸಾಕು, ಓದುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಕಂಪ್ಯೂಟರಿನಲ್ಲಿ ಆ ಪುಟ ತೆರೆದು, ಮಲಗಿದ ಮಗುವಿನ ಹೊದಿಕೆ ತೆಗೆಯುವವನಂತೆ ಮೆಲ್ಲಗೆ ಗುಂಡಿ ಒತ್ತುತ್ತಾನೆ. ಆಮೇಲೆ ಮನೆಗೆ ಫೋನು: "ಕಣ್ಣಿಗೆ ಹೊಡೀತಿದೆಯೇನೇ? ಇನ್ನೊಂಚೂರು ಮುಚ್ಲಾ?" ಮಾಲೀಕರು ಗದರಿದರೆ, "ಸ್ವಲ್ಪ ಇರಿ ಸಾರ್, ನಮ್ಮನೇಲಿ ಈಗಷ್ಟೇ ಬೆಳಗಾಗ್ತಿದೆ," ಎನ್ನುತ್ತಾನೆ. ಅತ್ತಿಗೆ ಈಗ ಗುಣವಾಗಿ ಮನೆ ತುಂಬ ಓಡಾಡುತ್ತಾರೆ. ಅಣ್ಣನ ಅಭ್ಯಾಸ ಮಾತ್ರ ಹೋಗಿಲ್ಲ. ಮೊನ್ನೆ ನಾನು ಹೋದಾಗ ಕೋಣೆ ಮಬ್ಬಾಗಿತ್ತು. ಪರದೆಗೆ ಕೈ ಹಾಕಿದೆ. "ಬೇಡ ಕಣಪ್ಪಾ, ನಿಮ್ಮಣ್ಣ ತೆಗೀತಾರೆ," ಎಂದರು ಅತ್ತಿಗೆ. ಇಬ್ಬರೂ ಆ ಮಬ್ಬಿನಲ್ಲೇ ಕಾಯುತ್ತ ಕೂತೆವು. ಕೊನೆಗೆ ಪರದೆ ತಾನಾಗಿ ಅಲುಗಿತು. ಒಂದೆಳೆ ಬಿಸಿಲು ನೆಲದ ಮೇಲೆ ಹರಿದು ಬಂದು ಅವರ ಪಾದ ಮುಟ್ಟಿತು. ಅತ್ತಿಗೆ ಕೂದಲು ಸರಿಮಾಡಿಕೊಂಡು, ಯಾರೋ ಒಳಗೆ ಬಂದರೆಂಬಂತೆ ಎದ್ದು ನಿಂತರು.