ಮಗಳು ಅರ್ಥ ಹೇಳಿದ ಹಾಡು

ಕಳೆದ ವರ್ಷದ ಬೇಸಿಗೆ ರಜೆಯಲ್ಲಿ ನನ್ನ ಮಗಳು ನಿಧಿ ಉಡುಪಿಯಿಂದ ಒಮಾನಿಗೆ ಬಂದಿದ್ದಳು. ಒಂಬತ್ತು ವರ್ಷದವಳು. ನಾನು ಸೂರ್‌ನ ಗ್ಯಾಸ್ ಪ್ಲಾಂಟಿನಲ್ಲಿ ಫಿಟ್ಟರ್. ನನಗೂ ಅವಳ ಅಮ್ಮನಿಗೂ ಡಿವೋರ್ಸ್ ಆಗಿ ಆಗಲೇ ಕೆಲವು ತಿಂಗಳಾಗಿತ್ತು. ಮಗಳಿಗೆ ಗೊತ್ತಿರಲಿಲ್ಲ. ಅಪ್ಪ ಕೆಲಸಕ್ಕಾಗಿ ದೂರ ಇದ್ದಾರೆ ಎಂದಷ್ಟೇ ತಿಳಿದಿದ್ದಳು. ಆ ರಜೆಯಲ್ಲಿ ನಾನೇ ಅವಳಿಗೆ ಹೇಳುವುದೆಂದು ಮಾತಾಗಿತ್ತು.

ರಜೆ ಮುಗಿಯುತ್ತ ಬಂತು, ನಾನು ಹೇಳಲಿಲ್ಲ. ದಿನವೂ ಕೆಲಸ ಮುಗಿಸಿ ಬರುವಾಗ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿರುತ್ತಿದ್ದಳು, ಕಡಲ ದಂಡೆಗೆ ಹೋಗಲು.

ಅವಳು ಹೊರಡುವ ದಿನ ಮಸ್ಕತ್ ವಿಮಾನ ನಿಲ್ದಾಣಕ್ಕೆ ಬಿಡಲು ನನ್ನ ಜೊತೆ ಕೆಲಸ ಮಾಡುವ ಲಾರೆನ್ಸ್ ಕಾರು ತಂದ. ಮಂಗಳೂರಿನವನು. ಇಂಗ್ಲಿಷಿನ ಕಂಟ್ರಿ ಹಾಡುಗಳೆಂದರೆ ಅವನಿಗೆ ಪ್ರಾಣ. ಆ ಇಂಗ್ಲಿಷ್ ನನಗೆ ತಲೆಗೆ ಹತ್ತುವುದಿಲ್ಲ, ರಾಗ ಮಾತ್ರ ಇಷ್ಟ. ಅವತ್ತೂ ಅವನು ಕಾರಿನಲ್ಲಿ ಹಾಕಿದ ಒಂದು ಹಾಡಿನ ಜೊತೆ ಗುನುಗುತ್ತಿದ್ದೆ.

ಹಿಂದಿನ ಸೀಟಿನಿಂದ ನಿಧಿ, "ಅಪ್ಪ, ಅದು ಸ್ಯಾಡ್ ಸಾಂಗ್. ನೀವು ಯಾಕೆ ಖುಷಿಯಲ್ಲಿ ಹಾಡ್ತೀರಿ?" ಎಂದಳು.

"ಹೌದಾ? ಎಂತ ಹೇಳ್ತಾನೆ ಅವ?"

"ಅವನಿಗೆ ಡಿವೋರ್ಸ್ ಆಗಿದೆ. ಮಗ ಅಮ್ಮನ ಹತ್ರ ಇದ್ದಾನೆ. ಇವನು ಸಂಡೇ ಮಾತ್ರ ಹೋಗಿ ನೋಡೋದು. ಆಮೇಲೆ ಒಬ್ಬನೇ ಟ್ರಕ್ಕಲ್ಲಿ ವಾಪಸ್ ಬರೋದು."

ಹಾಡು ನಿಲ್ಲಿಸಲು ಲಾರೆನ್ಸ್ ಕೈ ಚಾಚಿದ.

"ಬೇಡ ಅಂಕಲ್, ಮುಗೀಲಿ," ಎಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ದಾರಿಯ ಕುರಿಯಾತ್ ಊರು ದಾಟಿದ ಮೇಲೆ ಲಾರೆನ್ಸ್ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದ. "ಚಾ ತರ್ತೇನೆ ಮಾರಾಯ. ಇಲ್ಲಿಯ ಚಾದವ ಭಾರಿ ನಿಧಾನ. ಎಸಿ ಇರ್ಲಿ, ನೀವು ಕೂತ್ಕೊಳ್ಳಿ," ಎಂದು ಇಳಿದು ಹೋದ. ಅಂಗಡಿಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಆದರೂ ಅವನು ಬಹಳ ಹೊತ್ತು ಬರಲಿಲ್ಲ.

ನಾನು ಹಿಂದಿನ ಸೀಟಿಗೆ ಹೋಗಿ ಕೂತೆ.

"ನಿಮಗೂ ಅಮ್ಮನಿಗೂ ಹಾಗೇನಾ?" ಎಂದು ಕೇಳಿದಳು.

"ಹೌದು ಮಗಾ."

"ಬೇಡ ಅಂತ ಹೇಳಿದ್ದು ಯಾರು? ನೀವಾ, ಅಮ್ಮನಾ?"

"ಇಬ್ಬರೂ."

"ನನ್ನನ್ನು ಕೇಳ್ಲೇ ಇಲ್ಲ," ಎಂದಳು. ಅಳಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು.

ನಿಲ್ದಾಣದಲ್ಲಿ ವಿಮಾನ ಕಂಪನಿಯ ಹುಡುಗಿಯೊಬ್ಬಳು ಒಂಟಿಯಾಗಿ ಪ್ರಯಾಣಿಸುವ ಮಕ್ಕಳ ಚೀಟಿಯನ್ನು ಅವಳ ಕೊರಳಿಗೆ ಹಾಕಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ವಿಮಾನ ಹೊರಡುವವರೆಗೆ ನಾನು ಅಲ್ಲೇ ಇರಬೇಕೆಂದರು. ಇದ್ದೆ.

"ಆ ಹಾಡು ಹಾಕ್ಬಾರ್ದಿತ್ತು ನಾನು," ಎಂದ ಲಾರೆನ್ಸ್.

"ಹಾಕಿದ್ದು ಒಳ್ಳೆಯದಾಯ್ತು," ಎಂದೆ. ಒಳ್ಳೆಯದೇ ಆಯಿತೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ.

ಈಗಲೂ ಪ್ರತಿ ಶುಕ್ರವಾರ ಫೋನ್ ಮಾಡುತ್ತೇನೆ. ಶಾಲೆಯ ಸುದ್ದಿ ಹೇಳುತ್ತಾಳೆ, ಗೆಳತಿಯರ ಜಗಳ ಹೇಳುತ್ತಾಳೆ, ನಗುತ್ತಾಳೆ. ಮೊದಲೆಲ್ಲ ಫೋನ್ ಇಡುವ ಮುಂಚೆ, "ಅಪ್ಪ, ಮನೆಗೆ ಯಾವಾಗ ಬರ್ತೀರಿ?" ಎಂದು ತಪ್ಪದೆ ಕೇಳುತ್ತಿದ್ದಳು. ಉತ್ತರ ತೋಚದೆ ನಾನು ಆ ಪ್ರಶ್ನೆಗೆ ಹೆದರುತ್ತಿದ್ದೆ. ಆ ದಿನದ ನಂತರ ಅವಳು ಅದನ್ನು ಒಮ್ಮೆಯೂ ಕೇಳಿಲ್ಲ. ಅವಳು ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಇರುತ್ತೇನೆ.