ಹೊರೆಗಲ್ಲಿಗೆ ಕತ್ತಿ ಬೇಡ

ಹೊಸೂರು ಕಡೆಯ ಬೇರಿಕೆ ಪೇಟೆಗೆ ಹೋಗುವ ರಸ್ತೆಯನ್ನು ಅಗಲ ಮಾಡಲು ರಸ್ತೆಯವರು ಬಂದು ಸುಣ್ಣದ ಗೆರೆ ಎಳೆದಾಗ ನಮ್ಮೂರಿನ ಎರಡು ಕಲ್ಲುಗಳು ಗೆರೆಯ ಒಳಗೆ ಸಿಕ್ಕಿಕೊಂಡವು. ಅವತ್ತೇ ಸಂಜೆ ಹಾಲಿನ ಡೈರಿಯ ಜಗಲಿಯ ಮೇಲೆ ಊರಿನ ಗಂಡಸರು ಕೂತು ತೀರ್ಮಾನ ಮಾಡಿದರು. ವೀರಗಲ್ಲಿಗೆ ಪೂಜೆ ಮಾಡಿಸಿ, ಜೋಪಾನವಾಗಿ ಎತ್ತಿಸಿ, ಶಾಲೆಯ ಪಕ್ಕ ಮಂಟಪ ಕಟ್ಟಿ ಇಡುವುದು. ಹೊರೆಗಲ್ಲನ್ನು ಜೆಸಿಬಿಯವನ ಪಾಲಿಗೆ ಬಿಡುವುದು. ಟೀ ಬರುವಷ್ಟರಲ್ಲಿ ಮಾತು ಮುಗಿದಿತ್ತು.

ಆ ಹೊರೆಗಲ್ಲು ನನ್ನ ಅಜ್ಜಿಯ ಅಮ್ಮನದು. ಎರಡನೇ ಬಸುರಿನಲ್ಲಿ, ಮಗು ಹೊಟ್ಟೆಯಲ್ಲಿರುವಾಗಲೇ ಆಕೆ ಸತ್ತಳು. ಅಜ್ಜಿ ಆಗ ಇನ್ನೂ ಲಂಗ ಹಾಕುವ ಹುಡುಗಿ. ನಮ್ಮ ಕಡೆ ಹೀಗೆ ಬಸುರಿಯಾಗಿ ಸತ್ತವಳ ಹೆಸರಿನಲ್ಲಿ ದಾರಿಬದಿಗೆ ಕಲ್ಲು ನಿಲ್ಲಿಸುವ ಪದ್ಧತಿ ಇತ್ತು. ಎರಡು ಕಂಬಗಲ್ಲು, ಅವುಗಳ ಮೇಲೆ ಹೆಗಲ ಮಟ್ಟಕ್ಕೆ ಒಂದು ಅಡ್ಡಗಲ್ಲು. ತಲೆಯ ಮೇಲೆ ಹೊರೆ ಹೊತ್ತು ಸಂತೆಗೆ ಹೋಗುವವರು ಯಾರ ಕೈಯಾಸರೆಯೂ ಇಲ್ಲದೆ ಅದರ ಮೇಲೆ ಹೊರೆ ಇಳಿಸಬಹುದು, ಸುಧಾರಿಸಿಕೊಂಡು ಮತ್ತೆ ಹೊತ್ತುಕೊಳ್ಳಬಹುದು. ತಮಿಳಿನವರು ಇದನ್ನೇ ಸುಮೈತಾಂಗಿ ಅನ್ನುತ್ತಾರೆ. ಹೊರೆ ಇಳಿಸಲಾಗದೆ ಸತ್ತವಳಿಗೆ, ಯಾರಾದರೂ ಅಲ್ಲಿ ಹೊರೆ ಇಳಿಸಿದಾಗಲೆಲ್ಲ ಒಂದಿಷ್ಟು ಹಗುರವಾಗುತ್ತದೆ ಅನ್ನುವುದು ನಂಬಿಕೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಅಜ್ಜಿಯ ಹತ್ತಿರ ಅವಳ ಅಮ್ಮನ ಒಂದು ಫೋಟೋ ಇಲ್ಲ, ಒಂದು ಸೀರೆ ಚೂರಿಲ್ಲ. ಇದ್ದದ್ದು ಆ ಕಲ್ಲು. ರಸ್ತೆಯವರು ಬರುವವರೆಗೂ ಕೊತ್ತಂಬರಿ ಕಟ್ಟು ಹೊತ್ತ ಹೆಂಗಸರು, ಫ್ಯಾಕ್ಟರಿಯ ಶಿಫ್ಟ್ ಬಸ್ಸಿಗೆ ಕಾಯುವ ಹುಡುಗಿಯರು ಅದರ ಮೇಲೆ ಗಂಟು, ಊಟದ ಬ್ಯಾಗು ಇಡುತ್ತಿದ್ದರು. ಅಜ್ಜಿ ಅದನ್ನು ನೋಡಲೆಂದೇ ಮನೆಬಾಗಿಲಲ್ಲಿ ಕೂರುತ್ತಿದ್ದಳು.

ಇನ್ನು ವೀರಗಲ್ಲು. ಕತ್ತಿ ಎತ್ತಿದ ಗಂಡಸು, ಕಾಲ ಬಳಿ ಒಂದೆರಡು ದನ, ಮೇಲೆ ಅವನನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಅಪ್ಸರೆಯರು. ಅಕ್ಷರ ಸವೆದುಹೋಗಿ ಶತಮಾನಗಳಾಗಿವೆ. ಅವನು ಊರಿನ ದನ ಬಿಡಿಸಲು ಹೋಗಿ ಸತ್ತನೋ, ಪಕ್ಕದೂರಿನ ದನ ಹೊಡೆದುಕೊಂಡು ಬರಲು ಹೋಗಿ ಸತ್ತನೋ ಒಬ್ಬರಿಗೂ ಗೊತ್ತಿಲ್ಲ. ಕಳ್ಳನಾಗಿದ್ದರೂ ಸರಿಯೇ, ಕತ್ತಿ ಹಿಡಿದಿದ್ದನಲ್ಲ, ಮಂಟಪ ಸಿಕ್ಕಿತು.

ಆ ದಿನಗಳಲ್ಲಿ ನಾನು ಹೊಸೂರಿನ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ಮುಗಿಸಿ ಬಂದಿದ್ದೆ. ಪುರಾತನ ಅಜ್ಟೆಕ್ ಮತ್ತು ಮಾಯಾ ಸಮಾಜಗಳಲ್ಲಿ ಯುದ್ಧವೆಂಬುದು ಧರ್ಮಕಾರ್ಯವೇ ಆಗಿತ್ತು ಅನ್ನುವುದು ವಿಷಯ. ನನ್ನ ಪಾಲಿಗೆ ಬಂದದ್ದು ವಿರೋಧ. ವಾರಗಟ್ಟಲೆ ಓದಿದೆ. ಓದಿದಷ್ಟೂ ಮೈ ಉರಿಯಿತು. ಮೆಕ್ಸಿಕೋ ಕಡೆಯ ಅಜ್ಟೆಕ್ಕರು ನೆರೆಯವರ ಜೊತೆ ಮೊದಲೇ ಮಾತಾಡಿಕೊಂಡು, ಜಾಗ ಗೊತ್ತು ಮಾಡಿಕೊಂಡು ನಡೆಸುತ್ತಿದ್ದ ಕಾದಾಟಕ್ಕೆ ‘ಹೂವಿನ ಯುದ್ಧ’ ಎಂದು ಹೆಸರು. ಕೊಲ್ಲುವುದಕ್ಕಿಂತ ಜೀವಂತ ಹಿಡಿಯುವುದೇ ಅಲ್ಲಿ ಹೆಚ್ಚುಗಾರಿಕೆ. ಹಿಡಿದವರನ್ನು ದೇವರಿಗೆ ಬಲಿ ಕೊಡುವುದು. ಯಾರು ಎಷ್ಟು ಜನರನ್ನು ಹಿಡಿದ ಅನ್ನುವುದರ ಮೇಲೆ ಅವನು ಯಾವ ಬಣ್ಣದ ಹೊದಿಕೆ ಹೊದೆಯಬಹುದು ಅನ್ನುವುದು ನಿರ್ಧಾರವಾಗುತ್ತಿತ್ತು. ಧರ್ಮವಂತೆ! ಸೂರ್ಯನಿಗೆ ರಕ್ತ ಬೇಕು ಅನ್ನುವುದು ಪೂಜಾರಿಯ ಮಾತು. ನೆರೆಯವನ ಸೊಂಟ ಮುರಿಯಬೇಕು, ಕಪ್ಪ ಬರಬೇಕು ಅನ್ನುವುದು ದೊರೆಯ ಲೆಕ್ಕ. ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

ಮಾಯಾ ಜನರದು ಇನ್ನೂ ಸೊಗಸು. ಬಹಳ ಕಾಲ ಪಂಡಿತರು ಅವರನ್ನು ನಕ್ಷತ್ರ ಎಣಿಸಿಕೊಂಡು ಕೂತಿದ್ದ ಸಾಧುಗಳೆಂದೇ ತಿಳಿದಿದ್ದರಂತೆ. ಆಮೇಲೆ ಅವರ ಕಲ್ಲಿನ ಅಕ್ಷರಗಳನ್ನು ಓದಲು ಬಂತು. ಓದಿದರೆ ಏನಿದೆ? ಇಂಥ ರಾಜ ಇಂಥವನನ್ನು ಸೆರೆ ಹಿಡಿದ ಅನ್ನುವ ಜಂಬ. ರಾಜ ಕಿರೀಟ ಇಟ್ಟುಕೊಂಡು ನಿಂತಿದ್ದಾನೆ, ಅವನ ಕಾಲಡಿ ಕೈಕಟ್ಟಿಸಿಕೊಂಡ ಒಬ್ಬ ಮನುಷ್ಯ ಮುದುಡಿಕೊಂಡಿದ್ದಾನೆ. ಕಲ್ಲು ಕೆತ್ತಿಸಲು ಗೆದ್ದವನಿಗೆ ಮಾತ್ರ ಪುರಸತ್ತು. ಸ್ಪರ್ಧೆಯಲ್ಲಿ ನಾನು ಗೆದ್ದೆ.

ಈ ಓದಿನ ನಡುವೆ ಒಂದು ಸಂಗತಿ ಸಿಕ್ಕಿತ್ತು. ಅಜ್ಟೆಕ್ಕರು ಹೆರಿಗೆಯನ್ನೂ ಯುದ್ಧವೆಂದೇ ಎಣಿಸುತ್ತಿದ್ದರು. ಮಗು ಹುಟ್ಟಿದರೆ ಸೂಲಗಿತ್ತಿ ರಣಕೇಕೆ ಹಾಕುತ್ತಿದ್ದಳು, ತಾಯಿ ಸೆರೆಯಾಳನ್ನು ಹಿಡಿದು ತಂದಳು ಎಂಬಂತೆ. ಹೆರಿಗೆಯಲ್ಲಿ ಸತ್ತವಳು ರಣದಲ್ಲಿ ಸತ್ತ ವೀರನಿಗೆ ಸಮ. ಸತ್ತ ಗಂಡಸರು ಸೂರ್ಯನನ್ನು ಬೆಳಗಿನಿಂದ ನಡುನೆತ್ತಿಯವರೆಗೆ ಕರೆತಂದರೆ, ಅಲ್ಲಿಂದ ಮುಳುಗುವವರೆಗೆ ಕರೆದೊಯ್ಯುವವರು ಈ ಹೆಂಗಸರು.

ಇದು ತಲೆಯಲ್ಲಿ ಇದ್ದದ್ದಕ್ಕೇ ಊರಿನವರ ತೀರ್ಮಾನದ ಮರುದಿನ ಹಾಲಿನ ಕ್ಯಾನು ಹಿಡಿದುಕೊಂಡು ನಾನೇ ಡೈರಿಗೆ ಹೋದೆ. ದಾಯಾದಿ ಸಂಬಂಧದಲ್ಲಿ ನನಗೆ ದೊಡ್ಡಪ್ಪ ಆಗಬೇಕಾದವರು ಜಗಲಿಯ ಮೇಲಿದ್ದರು. ವೀರಗಲ್ಲಿನ ಕಮಿಟಿಗೆ ಅವರೇ ದೊಡ್ಡವರು. ಪಕ್ಕದಲ್ಲಿ ನನ್ನ ಮಾವನ ಮಗ, ರಾತ್ರಿ ಪಾಳಿ ಮುಗಿಸಿ ಬಂದವನು, ಫ್ಯಾಕ್ಟರಿಯ ಅಂಗಿಯಲ್ಲೇ ಕೂತಿದ್ದ.

“ದೊಡ್ಡಪ್ಪ, ವೀರಗಲ್ಲಿಗೆ ಮಂಟಪ ಯಾಕೆ?” ಅಂದೆ.

“ಯಾಕೇಂದ್ರೆ? ಊರಿಗೋಸ್ಕರ ಪ್ರಾಣ ಕೊಟ್ಟವ್ನು ಕಣಮ್ಮಿ.”

“ಯಾರು ನೋಡಿದ್ರು?”

“ಕಲ್ಲೇ ಐತಲ್ಲ ಕಣ್ಮುಂದೆ!”

“ನಮ್ಮ ಮುತ್ತಜ್ಜಿಗೂ ಕಲ್ಲೈತೆ.”

“ಅದು ಬಸ್ರಿ ಸತ್ತಿದ್ದಕ್ಕೆ ನಿಲ್ಸಿದ್ದು,” ಅಂದರು ದೊಡ್ಡಪ್ಪ, ಹಾಲಿನ ಅಳತೆಯ ಕಡೆ ನೋಡುತ್ತ. “ಬಸ್ರೀರು ಸಾಯೋದು ಏನ್ ಹೊಸದಾ? ಸತ್ತೋರ್ಗೆಲ್ಲ ಮಂಟಪ ಕಟ್ತಾ ಹೋದ್ರೆ ರೋಡ್ ಎಲ್ ಹಾಕಾದು?”

ಆ ಮಾತನ್ನು ಅವರು ಕೆಟ್ಟತನದಿಂದ ಆಡಲಿಲ್ಲ. ಬೆಳಗಾದರೆ ಹೊತ್ತು ಹುಟ್ಟುತ್ತದೆ ಅನ್ನುವ ಹಾಗೆ ಆಡಿದರು. ನನಗೆ ತಡೆಯಲಾಗಲಿಲ್ಲ. ಅಲ್ಲಿ ನಿಂತೇ ಅಜ್ಟೆಕ್ಕರ ಕತೆಯನ್ನೆಲ್ಲ ಹೇಳಿದೆ.

“ಮೆಕ್ಸಿಕೋನಾ?” ಅಂದ ಮಾವನ ಮಗ. “ನಮ್ ಫ್ಯಾಕ್ಟ್ರಿ ಪಾರ್ಟ್ಸ್ ಹೋಯ್ತವೆ ಅಲ್ಲಿಗೆ. ಅದೇನದು ಹೂವಿನ್ ಯುದ್ಧ? ನಮ್ ಗುಲಾಬಿ ಬೆಳೆಯೋರು ಮಾರ್ಕೆಟ್ಟಲ್ಲಿ ಏಜೆಂಟ್ರ ಜತೆ ದಿನಾ ಮಾಡ್ತಾರಲ್ಲ, ಅದಾ?”

“ನಗ್ಬೇಡ ಕಣ್ಲಾ,” ಅಂದರು ದೊಡ್ಡಪ್ಪ ತಾವೇ ನಗುತ್ತ. “ಅಲ್ಲಮ್ಮಿ, ಎದೆ ಬಗ್ದು ಗುಂಡ್ಗೆ ಕೀಳೋರ ಮಾತು ತಂದು ನಮ್ಗೆ ಬುದ್ಧಿ ಹೇಳ್ತೀಯಲ್ಲ. ನಾವು ವರ್ಸಕ್ಕೊಂದು ಕುರಿ ಕಡುದ್ರೇ ನಿನ್ ಮಕ ಕೆಂಪಾಯ್ತದೆ.”

“ಕುರಿ ಕಡಿಯೋದಕ್ಕಲ್ಲ ದೊಡ್ಡಪ್ಪ, ತೊಡೆ ಯಾರಿಗೆ ಅಂತ ನೀವು ಹೊಡೆದಾಡ್ತೀರಲ್ಲ, ಅದಕ್ಕೆ.” ಹಾಲು ಹಾಕಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಬಿಡಲಿಲ್ಲ. “ಆ ಗುಂಡ್ಗೆ ಕೀಳೋರೇ ಹೆರಿಗೇಲಿ ಸತ್ತೋಳನ್ನ ವೀರೆ ಅಂದ್ರು. ನೀವು ಜೆಸಿಬಿಗೆ ಹಾಕಿ ಅಂತೀರ. ಅವರಿಗಿಂತ ಕಡೆ ಆಗೋದಕ್ಕೆ ನಿಮ್ಗೇ ಒಪ್ಪಿಗೆ ಇದ್ರೆ ನನ್ದೇನೂ ಇಲ್ಲ.”

ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

“ಶರಿ. ಅವ್ಳೂ ಒಂಥರಾ ವೀರೆನೇ ಅನ್ನು. ಮಂಟಪದಾಗೆ ಪಕ್ಕಕ್ಕೆ ಜಾಗ ಕೊಡನ.”

ನಾನು ಖಾಲಿ ಕ್ಯಾನು ಆಡಿಸಿಕೊಂಡು ಮನೆಗೆ ಬಂದೆ. ಅಜ್ಜಿಗೆ ಹೇಳಿದೆ. ಅವಳು ನನ್ನ ಗಲ್ಲ ಹಿಡಿದು ಲಟಿಗೆ ಮುರಿದಳು.

ಮುಂದಿನ ವಾರ ಮಂಟಪದ ಹತ್ತಿರ ಅಜ್ಜಿಯನ್ನು ಕರೆದುಕೊಂಡು ಹೋದೆ. ವೀರನಿಗೆ ಎಣ್ಣೆ ತಿಕ್ಕಿ ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಅವನ ಎಡಗಡೆ, ನಮ್ಮ ಹೊರೆಗಲ್ಲಿನ ಅಡ್ಡಗಲ್ಲನ್ನು ನೆಟ್ಟಗೆ ನಿಲ್ಲಿಸಿ ಮಣ್ಣಿನ ಮೂಟೆಗಳ ಆಸರೆ ಕೊಟ್ಟಿದ್ದರು. ಕಲ್ಲುಕುಟಿಗ ಅದರ ಮೇಲೆ ಸೀಮೆಸುಣ್ಣದಲ್ಲಿ ಒಬ್ಬ ಹೆಂಗಸನ್ನು ಬರೆದಿದ್ದ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಸೊಂಟ ಸಣ್ಣಗೆ. ಹೊಟ್ಟೆಯೇ ಇಲ್ಲ. ಕಂಬಗಲ್ಲುಗಳೆರಡೂ ಆಚೆ ಜಲ್ಲಿ ರಾಶಿಯ ಪಕ್ಕ ಬಿದ್ದಿದ್ದವು. ಜೆಸಿಬಿಯ ಹಲ್ಲು ತಾಗಿ ಒಂದು ಅರ್ಧಕ್ಕೆ ಮುರಿದಿತ್ತು.

ಅಜ್ಜಿ ಕಲ್ಲನ್ನು ಒಂದು ಸುತ್ತು ಬಂದಳು. ಅದರ ನಯವಾಗಿದ್ದ ಮೈಯನ್ನು, ಎಷ್ಟೋ ವರ್ಷಗಳ ಗಂಟುಮೂಟೆ ಉಜ್ಜಿ ನಯವಾದದ್ದನ್ನು, ಕೈಯಿಂದ ಸವರಿದಳು.

“ಕತ್ತಿ ಯಾಕೆ? ನಮ್ಮವ್ವ ಹುಲ್ ಕುಯ್ಯೋ ಕುಡ್ಲು ಬಿಟ್ರೆ ಏನೂ ಹಿಡ್ದೋಳಲ್ಲ,” ಅಂದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, “ಅಲ್ಲ ಕಣಪ್ಪ, ಇದ್ನ ಹಿಂಗ್ ನಿಲ್ಸ್ಬುಟ್ರೆ ಹೊರೆ ಎಲ್ಲಿ ಇಳ್ಸಾದು?”

“ಇನ್ನೂ ಹೊರೆ ಅಂತೀಯಲ್ಲ ಚಿಕ್ಕವ್ವ! ನಿಮ್ಮವ್ವನ್ನ ದ್ಯಾವ್ರು ಮಾಡ್ತಾ ಇದೀವಿ. ವೀರಮ್ಮ ಅಂತ. ವರ್ಸಕ್ಕೊಂದ್ ಪೂಜೆ.”

“ದ್ಯಾವ್ರು ಮಾಡುದ್ರೆ ಬಂದ್ ಬಂದ್ ಬೇಡ್ಕೊಂತಾರೆ. ಇರೋ ಹೊರೆ ಸಾಲ್ದು ಅಂತ ಇನ್ನಷ್ಟು ಹೇರ್ತೀರಾ ಅವ್ಳ ಮ್ಯಾಲೆ?”

ಸ್ಪರ್ಧೆಯ ವೇದಿಕೆಯಲ್ಲಿ ಹೇಳಲು ಹೊತ್ತು ಸಾಲದೆ ಉಳಿದಿದ್ದ, ಆ ಅಜ್ಟೆಕ್ ಕತೆಯ ಮುಂದಿನ ಭಾಗ ಆಗ ನನಗೆ ನೆನಪಾಯಿತು. ಹೆರಿಗೆಯಲ್ಲಿ ಸತ್ತವಳನ್ನು ಹೂಳಲು ಒಯ್ಯುವಾಗ ಸೂಲಗಿತ್ತಿಯರು ಗುರಾಣಿ ಹಿಡಿದು ಹೆಣದ ಸುತ್ತ ನಡೆಯುತ್ತಿದ್ದರು. ಯಾರಿಂದ ಕಾಯಲು? ತಮ್ಮದೇ ಊರಿನ ಎಳೆ ಸೈನಿಕರಿಂದ. ಅವರು ದಾರಿಯಲ್ಲಿ ಮೇಲೆ ಬಿದ್ದು ಅವಳ ಎಡಗೈಯ ನಡುಬೆರಳನ್ನು, ತಲೆಗೂದಲನ್ನು ಕತ್ತರಿಸಿಕೊಳ್ಳಲು ನೋಡುತ್ತಿದ್ದರು. ಅದನ್ನು ಗುರಾಣಿಯೊಳಗೆ ಇಟ್ಟುಕೊಂಡರೆ ಯುದ್ಧದಲ್ಲಿ ಶತ್ರುವಿನ ಕಣ್ಣು ಕಟ್ಟುತ್ತದಂತೆ. ಹೂತ ಮೇಲೂ ಗಂಡ ರಾತ್ರಿಗಟ್ಟಲೆ ಕಾವಲು ಕೂರಬೇಕಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವೀರ ಹೆಂಗಸರು ಕೆಲವು ದಿನ ಕವಲುದಾರಿಗೆ ಇಳಿದು ಮಕ್ಕಳನ್ನು ಹಿಡಿಯುತ್ತಾರೆಂದು ಊರೆಲ್ಲ ಹೆದರಿ ಬಾಗಿಲು ಹಾಕಿಕೊಳ್ಳುತ್ತಿತ್ತು.

ಇದು ಗೌರವವೇ? ಯುದ್ಧವನ್ನೇ ಉಂಡು ಯುದ್ಧವನ್ನೇ ಹೊದೆಯುವ ಸಮಾಜಕ್ಕೆ ಹೆಂಗಸಿನ ಸಾವು ಅರ್ಥವಾಗಬೇಕಾದರೂ ಅದಕ್ಕೆ ಸೈನಿಕನ ಅಂಗಿ ತೊಡಿಸಬೇಕು. ಅವಳು ಹೆತ್ತರೆ ಸೈನಿಕ ಸಿಗುತ್ತಾನೆ, ಸತ್ತರೆ ಬೆರಳು ಸಿಗುತ್ತದೆ. ಒಂದೇ ಒಂದು ಮಾತು ಆ ದೊರೆಗಳ ಬಾಯಿಂದ ಬರುವುದಿಲ್ಲ: ಇವಳು ಸಾಯಬಾರದಿತ್ತು. ವೀರ ಅಂದಮೇಲೆ ಸಾವು ಅವನ ಕಸುಬು, ಅಳುವ ಹಾಗಿಲ್ಲ, ಯಾಕೆ ಅಂತ ಕೇಳುವ ಹಾಗಿಲ್ಲ. ನಮ್ಮ ಕಮಿಟಿಯೂ ಅಷ್ಟೇ. ಮುತ್ತಜ್ಜಿಯ ಕಲ್ಲಿಗೆ ಜಾಗ ಬೇಕಾದರೆ ಅವಳ ಕೈಗೆ ಕತ್ತಿ ಬರಬೇಕಿತ್ತು, ಹೊಟ್ಟೆ ಹೋಗಬೇಕಿತ್ತು.

“ಬೇಡ ದೊಡ್ಡಪ್ಪ,” ಅಂದೆ. “ಅವಳು ವೀರೆಯಲ್ಲ. ಕಲ್ಲು ಕೊಟ್ಟುಬಿಡಿ.”

“ಏನು? ಹೋದ್ ವಾರ ಇಡೀ ಡೈರಿ ಮುಂದೆ ಬಾಯ್ ಬಡ್ಕೊಂಡೋಳು ನೀನೇ ಅಲ್ವಾ?”

“ನಾನೇ. ಈಗ ಬೇಡ ಅನ್ನೋಳೂ ನಾನೇ.”

“ಎಲುಬಿಲ್ಲದ್ ನಾಲ್ಗೆ!” ದೊಡ್ಡಪ್ಪನಿಗೆ ನಿಜವಾಗಿ ಕೋಪ ಬಂದಿತ್ತು. “ಕಲ್ಲುಕುಟಿಗನ್ನ ಕರ್ಸಿದೀನಿ, ಊರೋರ್ಗೆ ಹೇಳಿದೀನಿ. ಗೌರವ ಕೊಟ್ರೂ ಬೇಡ ಅಂತೀರಲ್ಲ, ನಿಮ್ಗೇನ್ ಬೇಕು?”

“ಹೊರೆ ಇಳಿಸೋ ಹಾಗೆ ಬೇಕು. ಬಸ್ಸು ನಿಲ್ಲೋ ಕಡೆ. ಕತ್ತಿ ಬೇಡ, ಕುಂಕುಮ ಬೇಡ, ಕಂಬಿ ಬಾಗಿಲು ಬೇಡ.”

“ಹಂಗಾದ್ರೆ ನೀವೇ ಹೊತ್ಕೊಂಡೋಗಿ. ನಾಳೆ ಅದಕ್ಕೇನಾದ್ರೂ ಕಮಿಟಿ ಬಾಗ್ಲಿಗೆ ಬರಬ್ಯಾಡಿ.”

“ಬರಲ್ಲ ಹೋಗಪ್ಪ,” ಅಂದಳು ಅಜ್ಜಿ. ಬಸ್ಸು ನಿಲ್ಲುವಲ್ಲಿ ಹೊಸ ರಸ್ತೆಯ ಅಂಚಿಗೆ ನಮ್ಮ ಹುರುಳಿ ಹೊಲದ ಮೂಲೆ ಬರುತ್ತದೆ. ಅಲ್ಲೇ ನೆಡಿ ಅಂದಳು. ಯಾರನ್ನೂ ಕೇಳಲಿಲ್ಲ. ಹೊಲ ಅವಳ ಹೆಸರಿನಲ್ಲಿತ್ತು.

ಮಾವನ ಮಗ ಭಾನುವಾರ ಟ್ರ್ಯಾಕ್ಟರ್ ತಂದ. “ಮೆಕ್ಸಿಕೋದೋರ್ನ ಕರಿ, ಎತ್ತಕೆ ಒಂದ್ ಕೈ ಕಮ್ಮಿ ಆಯ್ತದೆ,” ಎಂದು ದಾರಿಯುದ್ದಕ್ಕೂ ನನ್ನನ್ನು ಕಿಚಾಯಿಸಿದ. ಮುರಿದ ಕಂಬದ ಬದಲಿಗೆ ಬೇಲಿಯ ಕಲ್ಲುಕೂಚವೊಂದನ್ನು ನೆಟ್ಟೆವು. ಅದು ಚೂರು ಗಿಡ್ಡ, ಹಾಗಾಗಿ ಅಡ್ಡಗಲ್ಲು ಒಂದು ಕಡೆಗೆ ವಾಲಿದೆ. ಸೀಮೆಸುಣ್ಣದ ಹೆಂಗಸನ್ನು ಅಜ್ಜಿ ಹಸಿ ಬಟ್ಟೆಯಿಂದ ತಿಕ್ಕಿ ತೊಳೆದಳು. ಕತ್ತಿಯನ್ನು ಎಲ್ಲಕ್ಕಿಂತ ಮೊದಲು.

ಮಂಟಪದಲ್ಲಿ ಈಗ ವೀರ ಒಬ್ಬನೇ ಇದ್ದಾನೆ, ಕಂಬಿ ಬಾಗಿಲಿನ ಹಿಂದೆ, ದಾನಿಗಳ ಬೋರ್ಡಿನ ಕೆಳಗೆ. ಬಸ್ಸಿಗೆ ಕಾಯುವವರು ಹೊಲದ ಮೂಲೆಯ ಮೂರು ಕಲ್ಲುಗಳನ್ನು ನೋಡಿ ಒಮ್ಮೊಮ್ಮೆ ಏನಿದು ಎಂದು ಕೇಳುತ್ತಾರೆ. ಮೊನ್ನೆ ಹೊಸದಾಗಿ ಬಂದ ಟೀಚರೊಬ್ಬರು ಕೇಳಿದರು. ಹೇಳಿದೆ. ಅವರು ಕೈಯಲ್ಲಿದ್ದ ಪುಸ್ತಕದ ಚೀಲವನ್ನು ಕಲ್ಲಿನ ಮೇಲಿಟ್ಟು, ಕಣ್ಣು ಒದ್ದೆ ಮಾಡಿಕೊಂಡು, “ಆಕೇನೂ ಒಬ್ಬ ಯೋಧೆಯೇ ಅಲ್ವಾ?” ಅಂದರು.

“ಅಲ್ಲ ಮೇಡಂ,” ಅಂದೆ. “ಬೇರಿಕೆ ಆಸ್ಪತ್ರೆಗೆ ಕರ್ಕೊಂಡು ಹೋಗಕ್ಕೆ ಗಾಡಿ ಕೇಳಿದ್ರೆ ಯಾರೂ ಕೊಡಲಿಲ್ಲ. ಅದಕ್ಕೆ ಸತ್ತಳು.”